ಕೇದರದ ಅಸಲೆಷ್ಟು, ಬಡ್ಡಿಯೆಷ್ಟು?

ಮಲ್ಪೆಯ ದಕ್ಕೆಯಲ್ಲಿ ಕೇದರದ ರಾಶಿ ಬಿದ್ದರೆ ಹರಾಜಿನವರ ಕಣ್ಣು ದರದ ಮೇಲೆ. ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ ಸಮೀಕ್ಷಕನಿಗೆ ಬೇಕಾದದ್ದು ಬೇರೆ. ಬೆನ್ನಿಗೆ ಓರೆಗೆರೆ, ಎದೆಯ ಬಳಿ ನಾಲ್ಕಾರು ಕಪ್ಪು ಚುಕ್ಕೆಯಿರುವ ಆ ಪುಟ್ಟ ಟ್ಯೂನಾವನ್ನು ಅವನು ಅಳತೆ ಹಲಗೆಯ ಮೇಲೆ ಮಲಗಿಸಿ, ಮೂತಿಯಿಂದ ಬಾಲ ಕವಲೊಡೆಯುವ ಜಾಗದವರೆಗೆ ಅಳೆಯುತ್ತಾನೆ. ಬಾಲದ ತುದಿ ಬಲೆಯಲ್ಲೋ ಬುಟ್ಟಿಯಲ್ಲೋ ಮುರಿದಿರಬಹುದು, ಕವಲು ಮುರಿಯುವುದಿಲ್ಲ. ಆಮೇಲೆ ಹೊಟ್ಟೆ ಸೀಳಿ, ಮೀನು ಮೊಟ್ಟೆಗೆ ಬಂದಿದೆಯೇ ಎಂದು ನೋಡುತ್ತಾನೆ. ಕಡಲಿನ ಟ್ಯೂನಾ ಸಂತತಿ ನೆಟ್ಟಗಿದೆಯೇ ಎಂಬ ದೊಡ್ಡ ಪ್ರಶ್ನೆಗೆ ಉತ್ತರ ಶುರುವಾಗುವುದು ಇಲ್ಲಿಂದ.

ಕಾಡಿನ ಹುಲಿಯನ್ನು ಕ್ಯಾಮೆರಾ ಕಟ್ಟಿ ಎಣಿಸಬಹುದು. ಟ್ಯೂನಾ ಹಾಗೆ ಕೈಗೆ ಸಿಗುವ ಜೀವವಲ್ಲ. 1954ರಲ್ಲಿ ಅಮೆರಿಕದ ಮಿಲ್ನರ್ ಶೇಫರ್ ಒಂದು ದಾರಿ ತೋರಿಸಿದರು: ಹಿಡಿದ ಮೀನೆಷ್ಟು, ಅದಕ್ಕಾಗಿ ಪಟ್ಟ ಶ್ರಮವೆಷ್ಟು ಎಂಬುದರಿಂದಲೇ ಕಡಲಲ್ಲಿ ಉಳಿದದ್ದನ್ನು ಅಂದಾಜು ಮಾಡುವುದು. ಪೂರ್ವ ಪೆಸಿಫಿಕ್‌ನ ಹಳದಿ ರೆಕ್ಕೆಯ ಟ್ಯೂನಾಕ್ಕೆ ಅವರು ಇದನ್ನು ಅನ್ವಯಿಸಿದರು. ಸಂತತಿ ಅಸಲು, ವರ್ಷವರ್ಷದ ಬೆಳವಣಿಗೆ ಬಡ್ಡಿ. ಬಡ್ಡಿಯಷ್ಟನ್ನೇ ತಿಂದರೆ ಅಸಲಿಗೆ ಧಕ್ಕೆಯಿಲ್ಲ. 1957ರಲ್ಲಿ ಇಂಗ್ಲೆಂಡಿನ ಬೆವರ್ಟನ್ ಮತ್ತು ಹೋಲ್ಟ್ ಈ ಲೆಕ್ಕಕ್ಕೆ ಮೀನಿನ ವಯಸ್ಸು, ಬೆಳವಣಿಗೆ, ಸಾವುಗಳನ್ನೂ ಸೇರಿಸಿದರು.

ಲೆಕ್ಕದ ದೌರ್ಬಲ್ಯವಿರುವುದು ‘ಶ್ರಮ’ ಎಂಬ ಪದದಲ್ಲಿ. ಟ್ಯೂನಾ ಗುಂಪಾಗಿ ಓಡಾಡುವ ಮೀನು. ಸಂತತಿ ಕರಗುತ್ತಿದ್ದರೂ ಗುಂಪು ಸಿಕ್ಕ ದಿನ ಬಲೆ ತುಂಬುತ್ತದೆ. 1980ರ ದಶಕದಲ್ಲಿ ಯುರೋಪಿನ, ಸುತ್ತುಬಲೆ ಬೀಸುವ ಪರ್ಸೀನ್ ಹಡಗುಗಳು ಪಶ್ಚಿಮ ಹಿಂದೂ ಮಹಾಸಾಗರಕ್ಕೆ ಇಳಿದವು. ತೇಲುವ ದಿಮ್ಮಿ, ತೆಪ್ಪಗಳ ಕೆಳಗೆ ಮೀನು ಸೇರಿಸಿ ಬಾಚತೊಡಗಿದವು. ಒಂದು ದಿನದ ದುಡಿಮೆಯೆಂದರೆ ಏನೆಂಬ ಅಳತೆಗೋಲೇ ಬದಲಾಯಿತು.

ದೋಣಿಯ ಲೆಕ್ಕವನ್ನಷ್ಟೇ ನಂಬಿ ಕೂರಲಾಗದೆ ವಿಜ್ಞಾನಿಗಳು ಮೀನಿನ ಮೈಗೇ ಚೀಟಿ ಸಿಕ್ಕಿಸಿದರು. 2005ರಿಂದ 2007ರವರೆಗೆ ಹಿಂದೂ ಮಹಾಸಾಗರದಲ್ಲಿ ಸುಮಾರು 1.68 ಲಕ್ಷ ಟ್ಯೂನಾಗಳಿಗೆ ಗುರುತು ಹಾಕಿ ಬಿಡಲಾಯಿತು. ಮರಳಿ ಸಿಕ್ಕ ಮೀನುಗಳು ಎಷ್ಟು ಬೆಳೆದಿದ್ದವು, ಎಷ್ಟು ದೂರ ಈಜಿದ್ದವು ಎಂಬುದು ಆಗ ಊಹೆಯಾಗಿ ಉಳಿಯಲಿಲ್ಲ. ತಲೆಯೊಳಗಿನ ಕಿವಿಗಲ್ಲಿನಲ್ಲಿ ಮರದ ಕಾಂಡದ ಉಂಗುರಗಳಂಥ ಗೆರೆಗಳಿವೆ. ಅವನ್ನು ಎಣಿಸಿ ವಯಸ್ಸನ್ನೂ ತಾಳೆ ನೋಡಲಾಯಿತು.

ಸೆಶೆಲ್ಸ್‌ನಲ್ಲಿ ಕಚೇರಿಯಿರುವ ಹಿಂದೂ ಮಹಾಸಾಗರ ಟ್ಯೂನಾ ಆಯೋಗ ಅಸ್ತಿತ್ವಕ್ಕೆ ಬಂದದ್ದು 1996ರಲ್ಲಿ, ಭಾರತವೂ ಸದಸ್ಯ. 2015ರಲ್ಲಿ ಹಳದಿ ರೆಕ್ಕೆಯ ಟ್ಯೂನಾ ಮಿತಿಮೀರಿ ಹಿಡಿಯಲ್ಪಟ್ಟಿದೆ ಎಂದು ಅದು ಸಾರಿತು. ಮರುವರ್ಷ ಸಂತತಿಯನ್ನು ಚೇತರಿಸುವ ಯೋಜನೆ ಬಂತು. 2021ರ ಮೌಲ್ಯಮಾಪನವೂ ಅದೇ ಮಾತು ಹೇಳಿತು. 2024ರ ಮೌಲ್ಯಮಾಪನ ಮಾತ್ರ, ಸಂತತಿ ಅಪಾಯದಲ್ಲಿಲ್ಲ ಎಂದಿತು. ಮೂರೇ ವರ್ಷದಲ್ಲಿ ಕಡಲು ಹಾಗೆ ಉಕ್ಕಿತೆಂದು ಭಾವಿಸುವಂತಿಲ್ಲ. ಉದ್ದನೆಯ ಗಾಳಸಾಲು ಬಿಡುವ ಲಾಂಗ್‌ಲೈನ್ ಹಡಗುಗಳ ಹಿಡಿತದ ಸೂಚ್ಯಂಕವನ್ನು ಪರಿಷ್ಕರಿಸಿದ್ದೂ ಫಲಿತಾಂಶ ಬದಲಾಗಲು ಕಾರಣ. ಸ್ಕಿಪ್‌ಜಾಕ್ ಟ್ಯೂನಾದ ಕಥೆ ಇನ್ನೊಂದು ಬಗೆ. 2018–2020ಕ್ಕೆ ವರ್ಷಕ್ಕೆ 4,70,029 ಟನ್ ಮಿತಿ ಗೊತ್ತುಮಾಡಲಾಗಿತ್ತು; ಹಿಡಿತ ಅದನ್ನು ದಾಟಿಹೋಯಿತು. ವಿಜ್ಞಾನ ಸೋತದ್ದಲ್ಲ, ಮಿತಿಯನ್ನು ದೇಶಗಳು ಹಂಚಿಕೊಳ್ಳಲಿಲ್ಲ.

ದೊಡ್ಡ ಟ್ಯೂನಾಗಳಿಗೆ ಇಷ್ಟೆಲ್ಲ ಪರೀಕ್ಷೆ ನಡೆದರೆ, ದಡದ ಕೇದರಕ್ಕೆ ಸಿಕ್ಕ ಗಮನ ಕಡಿಮೆ. ಇರಾನ್, ಪಾಕಿಸ್ತಾನ, ಭಾರತ, ಇಂಡೋನೇಷ್ಯಾಗಳ ಸಣ್ಣ ದೋಣಿಗಳೇ ಹೆಚ್ಚಾಗಿ ಹಿಡಿಯುವ ಈ ಮೀನಿನ ಮೌಲ್ಯಮಾಪನ ಬಹುಪಾಲು ನಿಂತಿರುವುದು ಹಿಡಿದ ತೂಕದ ಪಟ್ಟಿಯೊಂದರ ಮೇಲೆ.

1947ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಆಯ್ದ ಬಂದರು, ಆಯ್ದ ದಿನ, ಆಯ್ದ ದೋಣಿಗಳ ಮಾದರಿಯಿಂದ ದೇಶದ ಕರಾವಳಿಯ ಇಳುವರಿಯನ್ನು ಅಂದಾಜಿಸುತ್ತ ಬಂದಿದೆ. 2022ರಲ್ಲಿ ಅದು ಪರಿಶೀಲಿಸಿದ 135 ಸಂತತಿಗಳಲ್ಲಿ ಶೇ. 91.1 ಆರೋಗ್ಯವಾಗಿದ್ದವು. ಸಮಾಧಾನದ ಸುದ್ದಿಯೇ. ಆದರೆ ಕೇದರ ನಮ್ಮ ಗಡಿಯೊಳಗೆ ನಿಲ್ಲುವ ಮೀನಲ್ಲ. ಲಕ್ಷದ್ವೀಪದ ಮಿನಿಕಾಯ್‌ನವರು ಜೀವಂತ ಎರೆಮೀನು ಚೆಲ್ಲಿ ಗಾಳದ ಕೋಲಿನಿಂದ ಒಂದೊಂದೇ ಟ್ಯೂನಾ ಎತ್ತುತ್ತಾರೆ. ಆ ಸಂಯಮದ ಫಲ ಉಳಿಯುವುದು ಆಚೆಯ ಬಲೆಗಳ ಲೆಕ್ಕವೂ ಸರಿಯಿದ್ದರೆ ಮಾತ್ರ.

ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಜೂನ್ 1ರಿಂದ 61 ದಿನ ದಡ ಸೇರಿದ್ದ ಯಾಂತ್ರಿಕ ದೋಣಿಗಳು ಆಗಸ್ಟ್‌ನಲ್ಲಿ ಮತ್ತೆ ಕಡಲಿಗಿಳಿಯುತ್ತವೆ. ಎಷ್ಟು ದಿನ ಕಡಲಲ್ಲಿದ್ದಿರಿ, ಎಲ್ಲಿ ಬಲೆ ಬಿಟ್ಟಿರಿ ಎಂದು ಸಮೀಕ್ಷಕರು ಕೇಳಿದಾಗ ದೋಣಿ ನಡೆಸುವ ತಾಂಡೇಲರು ಮುಚ್ಚಿಡದೆ ಹೇಳಲಿ. ರಾಶಿ ಹರಾಜಿಗೆ ಹೋಗುವ ಮುನ್ನ ಅಳತೆ ಹಲಗೆಗೆ ಹತ್ತು ನಿಮಿಷ ಬಿಟ್ಟುಕೊಡಲಿ.