ಕಂಪ್ಯೂಟರ್ ಕೆಲಸ: ಕಣ್ಣು ಒಣಗದಂತೆ ನೋಡಿಕೊಳ್ಳುವುದು ಹೇಗೆ?

ಪುಣೆಯ ಹಿಂಜವಡಿಯಂಥ ಐಟಿ ಪಾರ್ಕ್‌ಗಳಲ್ಲಿ, ಎಸಿ ಕೋಣೆಯಲ್ಲಿ ಕುಳಿತು ದಿನವಿಡೀ ಪರದೆ ನೋಡುವ ಕೆಲಸ ನಿಮ್ಮದೇ? ಸಂಜೆಯ ಹೊತ್ತಿಗೆ ಕಣ್ಣು ಉರಿಯುವುದು, ಮರಳು ಬಿದ್ದಂತೆ ಚುಚ್ಚುವುದು, ದೃಷ್ಟಿ ಮಸುಕಾಗುವುದು ಸಾಮಾನ್ಯ.

ಕಾರಣವೇನು?
ನಾವು ನಿಮಿಷಕ್ಕೆ ಸುಮಾರು 15 ಬಾರಿ ರೆಪ್ಪೆ ಬಡಿಯುತ್ತೇವೆ. ಪರದೆ ನೋಡುವಾಗ ಇದು ಅರ್ಧಕ್ಕಿಂತಲೂ ಕಡಿಮೆಯಾಗಬಹುದು. ಆಗ ಕಣ್ಣೀರಿನ ತೆಳು ಪದರ ಬೇಗ ಆರುತ್ತದೆ.

ಏನು ಮಾಡಬೇಕು?
• 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ. ರೆಪ್ಪೆಗಳನ್ನು ಪೂರ್ತಿ ಮುಚ್ಚಿ ತೆರೆಯಿರಿ.
• ಪರದೆ ಒಂದು ತೋಳಿನಷ್ಟು ದೂರದಲ್ಲಿ, ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಲಿ.
• ಎಸಿ, ಫ್ಯಾನ್ ಗಾಳಿ ನೇರವಾಗಿ ಮುಖಕ್ಕೆ ಬೀಸದಿರಲಿ.

ಔಷಧಿ ಅಂಗಡಿಯಲ್ಲಿ ಎಚ್ಚರ
ಕಣ್ಣು ತೇವವಾಗಿಡುವ ಕೃತಕ ಕಣ್ಣೀರಿನ ಹನಿ ಬಳಸಬಹುದು. ದಿನಕ್ಕೆ 4ಕ್ಕಿಂತ ಹೆಚ್ಚು ಬಾರಿ ಬೇಕಾದರೆ ಪ್ರಿಸರ್ವೇಟಿವ್ ಇಲ್ಲದ್ದನ್ನು ಕೇಳಿ. ಬೇರೆಯವರಿಗೆ ಬರೆದುಕೊಟ್ಟ ಹನಿ, ಮನೆಯಲ್ಲಿ ಉಳಿದ ಹಳೆಯ ಹನಿ ಹಾಕಿಕೊಳ್ಳಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಉರಿ ಬೇಗ ಇಳಿದಂತೆ ಕಾಣುತ್ತದೆ. ಆದರೆ ಬಳಸುತ್ತಾ ಹೋದರೆ ಕಣ್ಣಿನೊಳಗಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು. ಅದರಿಂದ ಹೋದ ದೃಷ್ಟಿ ಮರಳದು. ಅಲರ್ಜಿಗೆ ನುಂಗುವ ಸೆಟಿರಿಜಿನ್‌ನಂಥ ಮಾತ್ರೆಯೂ ಕಣ್ಣು ಒಣಗಿಸಬಹುದು. ತೆಗೆದುಕೊಳ್ಳುತ್ತಿದ್ದರೆ ಫಾರ್ಮಸಿಸ್ಟ್‌ಗೆ ತಿಳಿಸಿ.

ತೀವ್ರ ನೋವು, ಬೆಳಕು ಸಹಿಸಲಾಗದಿರುವುದು, ದೃಷ್ಟಿ ಕುಂದುವುದು ಕಂಡರೆ ಅಂದೇ ನೇತ್ರತಜ್ಞರನ್ನು ಕಾಣಿ.