ಕಸಿ ಗುಲಾಬಿಯ ಬುಡದಲ್ಲಿ ಬೇಲಿ ಗುಲಾಬಿ

ನರ್ಸರಿಯಿಂದ ತಂದ ಕೆಂಪು ಗುಲಾಬಿ ಎರಡು ವರ್ಷ ಚೆನ್ನಾಗಿ ಹೂ ಬಿಡುತ್ತದೆ. ಆಮೇಲೆ ಬುಡದಿಂದ ಉದ್ದುದ್ದ ಕೊಂಬೆಗಳು ಎದ್ದು ಗಿಡ ಪೊದೆಯಾಗುತ್ತದೆ, ಕೆಂಪು ಹೂ ಮಾತ್ರ ಕಾಣುವುದಿಲ್ಲ. ಜಯನಗರದ ಮನೆಯಂಗಳದಲ್ಲೂ ನಮ್ಮ ಹಳ್ಳಿ ಹಿತ್ತಲಲ್ಲೂ ಕೇಳುವ ದೂರು ಇದು. ಗಿಡ ಜಾತಿ ಬದಲಿಸಿತು ಎನ್ನುತ್ತಾರೆ. ನಿಜವಾಗಿ ಅಲ್ಲಿ ಮೊದಲಿನಿಂದಲೂ ಎರಡು ಗಿಡ ಇದ್ದವು.

ನರ್ಸರಿಯವರು ಗಟ್ಟಿ ಬೇರಿನ ಒಂದು ಗುಲಾಬಿಯ ಕಾಂಡವನ್ನು ಸೀಳಿ, ಚೆಂದದ ಹೂವಿನ ಗಿಡದ ಕಣ್ಣನ್ನು ಅದರೊಳಗೆ ಕೂರಿಸಿ ಕಟ್ಟುತ್ತಾರೆ. ಇದೇ ಕಣ್ಣು ಕಸಿ. ಬೇರಿಗಾಗಿ ಬಹುಕಾಲದಿಂದ ಬಳಸುವ ಗಿಡಗಳಲ್ಲಿ ಒಂದು ರೋಸಾ ಮಲ್ಟಿಫ್ಲೋರಾ. ತುಂಡು ನೆಟ್ಟರೆ ಸುಲಭವಾಗಿ ಬೇರು ಬಿಡುತ್ತದೆ, ಜೋರಾಗಿ ಬೆಳೆಯುತ್ತದೆ.

ಇದರ ತವರು ಜಪಾನ್, ಕೊರಿಯಾ, ಚೀನಾ. ಸ್ವೀಡನ್ನಿನ ಸಸ್ಯವಿಜ್ಞಾನಿ ಥುನ್‌ಬರ್ಗ್ ಜಪಾನಿನಲ್ಲಿ ಗಿಡಗಳನ್ನು ಅಭ್ಯಾಸ ಮಾಡಿ, 1784ರಲ್ಲಿ ಇದಕ್ಕೆ ಈ ಹೆಸರು ಕೊಟ್ಟ. ಮಲ್ಟಿಫ್ಲೋರಾ ಎಂದರೆ ಬಹಳ ಹೂವಿನದು. ಐದೈದು ಎಸಳಿನ ಪುಟ್ಟ ಬಿಳಿ ಹೂ ಗೊಂಚಲು ಗೊಂಚಲಾಗಿ ವರ್ಷಕ್ಕೊಮ್ಮೆ ಅರಳುತ್ತದೆ. ಕೊಂಬೆಗಳು ಬಾಗಿ ಪಕ್ಕದ ಮರವನ್ನೋ ಗೋಡೆಯನ್ನೋ ಹತ್ತುತ್ತವೆ. ಇದೇ ವಂಶದ 'ಕ್ರಿಮ್ಸನ್ ರ್‍ಯಾಂಬ್ಲರ್' ಎಂಬ ಕೆಂಪು ಬಳ್ಳಿ ಗುಲಾಬಿ ಜಪಾನಿನಿಂದ ಇಂಗ್ಲೆಂಡಿಗೆ ಹೋಗಿ, 1893ರಲ್ಲಿ ಮಾರಾಟಕ್ಕೆ ಬಂದು ಹೆಸರು ಮಾಡಿತು.

ಅಮೆರಿಕದಲ್ಲಿ ಕಥೆ ಬೇರೆ. ಅಲ್ಲಿಗೂ ಇದು 1866ರಲ್ಲಿ ಕಸಿಯ ಬೇರಿಗೆಂದೇ ಹೋಯಿತು. 1930ರ ದಶಕದಲ್ಲಿ ಸರ್ಕಾರವೇ ಮಣ್ಣಿನ ಸವಕಳಿ ತಡೆಯಲು, ದನಗಳಿಗೆ ಬೇಲಿಯಾಗಲು ಇದನ್ನು ನೆಡಿರೆಂದು ರೈತರಿಗೆ ಹೇಳಿತು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಹುಲ್ಲುಗಾವಲು ಮುಳ್ಳುಪೊದೆಯಾಯಿತು. ಇಂದು ಹಲವು ರಾಜ್ಯಗಳಲ್ಲಿ ಇದು ಕಳೆಗಳ ಪಟ್ಟಿಯಲ್ಲಿದೆ. ಲಂಟಾನ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮಲ್ಲಿ ಹೊರದೇಶದ ಗಿಡಗಳನ್ನು ತಂದು ಬೆಳೆಸುವ ರೂಢಿ ಹಳೆಯದು. 1760ರಲ್ಲಿ ಹೈದರಾಲಿ ಶುರುಮಾಡಿದ ಲಾಲ್‌ಬಾಗ್ ಆ ಕೆಲಸದ ದೊಡ್ಡ ನೆಲೆ. 1948ರಲ್ಲಿ ಅದರ ದಕ್ಷಿಣಕ್ಕೆ ಜಯನಗರ ಎದ್ದಿತು. ಇಂದಿಗೂ ಅಲ್ಲಿನವರು ಗಿಡ ಕೊಳ್ಳಲು ಲಾಲ್‌ಬಾಗ್ ನರ್ಸರಿಗೆ ಹೋಗುತ್ತಾರೆ. ಕೊಳ್ಳುವವರು ಮೇಲಿನ ಹೂವಿನ ಹೆಸರು ಕೇಳುತ್ತಾರೆ, ಬೇರಿನ ಹೆಸರನ್ನು ಯಾರೂ ಕೇಳುವುದಿಲ್ಲ.

ಕೇಳಿಕೊಂಡರೆ ನಿಮ್ಮ ದುಡ್ಡು ಉಳಿಯುತ್ತದೆ. ಕಸಿಯ ಗಂಟು ಎಲ್ಲಿದೆ ನೋಡಿಕೊಳ್ಳಿ. ಅದರ ಕೆಳಗಿನಿಂದ ಬಂದ ಚಿಗುರು ಬೇರಿನ ಗಿಡದ್ದು. ಏಳು ಎಲೆ ಇದ್ದರೆ ಕಾಡು, ಐದಿದ್ದರೆ ಕಸಿ ಎಂಬ ಲೆಕ್ಕ ಎಲ್ಲ ಸಲ ಸರಿಬರುವುದಿಲ್ಲ. ಎಲೆದಂಟಿನ ಬುಡದಲ್ಲಿ ಬಾಚಣಿಗೆ ಹಲ್ಲಿನಂಥ ಜಾಲರಿದ್ದರೆ ಅದು ಮಲ್ಟಿಫ್ಲೋರಾದ ಗುರುತು. ಮಣ್ಣು ಸರಿಸಿ, ಚಿಗುರು ಎಳೆಯದಿರುವಾಗಲೇ ಬುಡಸಮೇತ ಕಿತ್ತುಹಾಕಿ. ಮೇಲೆ ಕತ್ತರಿಸಿದರೆ ಉಳಿದ ಮೋಟಿನಿಂದ ಮತ್ತೆ ಚಿಗುರುತ್ತದೆ.

ಅದನ್ನು ಬೈಯಬೇಡಿ. ಕೆಂಪು ಹೂವಿಗೆ ನೀರು, ಗೊಬ್ಬರ ಎಳೆದುಕೊಡುತ್ತಿರುವ ಬೇರು ಅದರದೇ.