ಸೂರಿಗಿಂತ ಮೊದಲು ನೆಲ



"ಸರ್ಕಾರ ಇಷ್ಟು ವರ್ಷದಿಂದ ನಿಮಗೆ ಮನೆ ಕೊಡ್ತಾನೇ ಇದೆಯಲ್ಲ, ಇನ್ನೂ ಯಾಕೆ ಗುಡಿಸಲು?" ಯಾವ ಊರಿಗೆ ಹೋದರೂ ಈ ಪ್ರಶ್ನೆ ಕೇಳೋರು ಒಬ್ಬರಾದ್ರೂ ನನಗೆ ಸಿಗ್ತಾರೆ. ಮನೆ ಕೊಟ್ಟಿದ್ದು ಸುಳ್ಳಲ್ಲ. ಆದರೆ ಆ ಮನೆ ನಿಲ್ಲೋಕೆ ಬೇಕಾದ ನೆಲದ ಮಾತು ಬಂದಾಗಲೆಲ್ಲ ಸರ್ಕಾರಗಳು ಹಿಂದೆ ಸರಿದಿವೆ.

ಬಾಬಾಸಾಹೇಬರು ಇದನ್ನ 1947ರಲ್ಲೇ ಕಂಡಿದ್ದರು. ಸಂವಿಧಾನ ಸಭೆಗೆಂದು ಬರೆದ 'ರಾಜ್ಯಗಳು ಮತ್ತು ಅಲ್ಪಸಂಖ್ಯಾತರು' ಮನವಿಪತ್ರದಲ್ಲಿ, ಪರಿಶಿಷ್ಟ ಜಾತಿಯವರಿಗೆ ಪ್ರತ್ಯೇಕ ಹಳ್ಳಿಗಳನ್ನೇ ಕಟ್ಟಬೇಕು, ಅದಕ್ಕೊಂದು ಆಯೋಗ ಇರಬೇಕು, ಉಳುಮೆಯಿಲ್ಲದೆ ಬಿದ್ದಿರುವ ಸರ್ಕಾರಿ ಜಮೀನು ಅದರ ಕೈಗೆ ಬರಬೇಕು, ಕೇಂದ್ರ ವರ್ಷಕ್ಕೆ ಕನಿಷ್ಠ 5 ಕೋಟಿ ರೂಪಾಯಿ ಕೊಡಬೇಕು ಅಂತ ಕೇಳಿದರು. ಯಾಕೆ? ಕೂಲಿಗೂ ವಾಸಕ್ಕೂ ಸವರ್ಣರನ್ನೇ ನಂಬಿದವನು ಬಾಯಿ ಬಿಟ್ಟರೆ ಬಹಿಷ್ಕಾರ ಗ್ಯಾರಂಟಿ. ಈ ಬೇಡಿಕೆ ಸಂವಿಧಾನದೊಳಗೆ ಬರಲೇ ಇಲ್ಲ.

ನಮ್ಮ ರಾಜ್ಯಕ್ಕೆ ಬರೋಣ. ದೇವರಾಜ ಅರಸು ಕಾಲದಲ್ಲಿ, 1974ರಲ್ಲಿ ಜಾರಿಯಾದ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿಸಿತು. ದೊಡ್ಡ ಕೆಲಸವೇ. ಆದರೆ ನಮ್ಮವರಲ್ಲಿ ಬಹುಪಾಲು ಗೇಣಿದಾರರಲ್ಲ, ಕೂಲಿಗಳು. ಅಂಥವರಿಗಾಗಿ ಅದೇ ಕಾಯ್ದೆಯಲ್ಲಿ 38ನೇ ಕಲಂ ಇದೆ: ಇನ್ನೊಬ್ಬರ ಜಮೀನಿನಲ್ಲಿ ಮನೆ ಮಾಡಿಕೊಂಡಿರುವ ಕೃಷಿ ಕಾರ್ಮಿಕನಿಗೆ ಆ ಜಾಗದ ಒಡೆತನ. ಜಮೀನುದಾರನ ಹೊಲದ ಮೂಲೆಯಲ್ಲಿ ವಾಸ ಮಾಡುವವನು ಅವನ ವಿರುದ್ಧವೇ ಅರ್ಜಿ ಹಾಕಬೇಕು. ನಾಳೆ ಕೂಲಿ ಯಾರು ಕೊಡ್ತಾರೆ?

1985ರಲ್ಲಿ ಇಂದಿರಾ ಆವಾಸ್ ಶುರುವಾದದ್ದು ಪರಿಶಿಷ್ಟ ಜಾತಿ, ಪಂಗಡ ಮತ್ತು ಬಿಡುಗಡೆಯಾದ ಜೀತದಾಳುಗಳಿಗಾಗಿ. ಜೀತದಿಂದ ಹೊರಬಂದವನು ಧಣಿಯ ಕೊಟ್ಟಿಗೆಗೇ ವಾಪಸ್ ಹೋಗಬಾರದಲ್ಲ, ಆ ಕಾರಣಕ್ಕೆ ಇದು ಮುಖ್ಯ. ಮನೆ ಹೆಣ್ಣುಮಗಳ ಹೆಸರಿಗೆ ಅಥವಾ ಜಂಟಿ ಹೆಸರಿಗೆ ಅನ್ನೋ ನಿಯಮವೂ ಒಳ್ಳೆಯದೇ. ಆದರೆ ಮನೆಗಳು ಎದ್ದದ್ದು ಎಲ್ಲಿ? ಹಳೇ ಕೇರಿಯ ಮೇಲೆಯೇ, ಇಲ್ಲಾ ಊರಾಚೆಯ ಹಳ್ಳದ ದಂಡೆಯಲ್ಲಿ. ಕೇರಿ ಹೋಗಿ 'ಕಾಲೋನಿ' ಆಯ್ತು. ದೂರ ಹಾಗೇ ಉಳೀತು.

2016ರಿಂದ ಇರುವ ಪ್ರಧಾನಮಂತ್ರಿ ಆವಾಸ್ ಗ್ರಾಮೀಣದಲ್ಲಿ ಬಯಲು ಸೀಮೆಗೆ 1.20 ಲಕ್ಷ ರೂಪಾಯಿ, ಕನಿಷ್ಠ 25 ಚದರ ಮೀಟರ್ ಮನೆ. ಜಾಗ ಇಲ್ಲದವರಿಗೆ ರಾಜ್ಯವೇ ಜಾಗ ಕೊಡಬೇಕು ಅಂತ ಅದರ ಮಾರ್ಗಸೂಚಿ ಹೇಳುತ್ತೆ. ಪಂಚಾಯ್ತಿಗೆ ಹೋದರೆ ಮಾತ್ರ "ನಿವೇಶನ ಇದ್ರೆ ಬಾ" ಅಂತಾರೆ! ತಾಂಡಾ, ಹಟ್ಟಿ, ಹಾಡಿಗಳ ಕಥೆ ಇನ್ನೂ ಕಷ್ಟ. ತಲೆಮಾರುಗಳಿಂದ ವಾಸವಿದ್ದರೂ ಕಂದಾಯ ದಾಖಲೆಯಲ್ಲಿ ಆ ಊರೇ ಇರಲಿಲ್ಲ. ಹೋರಾಟ ನಡೆದು, ಕಾಯ್ದೆಗೆ ತಿದ್ದುಪಡಿ ಬಂದು, 2023ರ ಜನವರಿಯಲ್ಲಿ ಕಲಬುರಗಿಯ ಮಳಖೇಡದಲ್ಲಿ ಸುಮಾರು 50 ಸಾವಿರ ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಹಂಚಿದರು. ಅಂದರೆ ಮನಸ್ಸು ಮಾಡಿದರೆ ನೆಲ ಕೊಡೋಕೆ ಆಗುತ್ತೆ.

ಹಾಗಾಗಿ ಗೆಳೆಯರೇ, ಮುಂದಿನ ಗ್ರಾಮಸಭೆಯಲ್ಲಿ ಫಲಾನುಭವಿ ಪಟ್ಟಿಯಲ್ಲಿ ನಮ್ಮ ಹೆಸರಿದೆಯಾ ಅಂತ ಮಾತ್ರ ನೋಡಿ ಬರಬೇಡಿ. ಮೂರು ಪ್ರಶ್ನೆ ಕೇಳಿ. ನಮ್ಮ ಪಂಚಾಯ್ತಿಯಲ್ಲಿ ಸರ್ಕಾರಿ ಜಮೀನು ಎಷ್ಟಿದೆ, ಯಾವ ಸರ್ವೆ ನಂಬರು? ಅದರಲ್ಲಿ ನಿವೇಶನಕ್ಕೆ ಕಾದಿರಿಸಿದ್ದು ಎಷ್ಟು? ಹಕ್ಕುಪತ್ರ ಸಿಕ್ಕವರಿಗೆ ಇ-ಸ್ವತ್ತು ಆಗಿದೆಯಾ? ಬಾಯಿಮಾತಲ್ಲಿ ಉತ್ತರ ಕೊಟ್ಟರೆ ಒಪ್ಪಬೇಡಿ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಒಬ್ಬರೇ ಹೋಗಬೇಡಿ, ಇಡೀ ಕೇರಿ ಹೋಗಿ.

ನೆಲ ನಮ್ಮ ಹೆಸರಿಗಿದ್ದರೆ ಕೂಲಿ ಜಾಸ್ತಿ ಕೇಳಿದ ದಿನವೂ ರಾತ್ರಿ ನಮ್ಮ ಮನೆಯಲ್ಲೇ ಮಲಗಬಹುದು. ಬಾಬಾಸಾಹೇಬರು ಕೇಳಿದ್ದು ಅದನ್ನೇ.

ಜೈ ಭೀಮ್.